ಹುಳುವಿಲ್ಲದ ಗೂಡು

ಶಿಡ್ಲಘಟ್ಟದ ಮೊದಲ ಬಸ್ಸು ಹಿಡಿದು
ಚಿಕ್ಕಬಳ್ಳಾಪುರದಲ್ಲಿಳಿದು ಲ್ಯಾಬಿನ ಬೀಗ ತೆಗೆಯುವಾಗ
ದುಪಟ್ಟಾದಲ್ಲಿ ಇನ್ನೂ ಬೆಂದ ಹುಳುವಿನ ವಾಸನೆ.
ಮೇಡಂ ಈಗೀಗ ಏನೂ ಅನ್ನುವುದಿಲ್ಲ.
ಮೊದಲ ವರ್ಷ ಕಿಟಕಿ ತೆಗೆಯುತ್ತಿದ್ದರು.

ಕೆಲಸ ಇಷ್ಟೇ:
ರೋಗಾಣುವಿನ ತೊಗಲು ಮಾಡುವುದು.
ರೋಗಾಣು ಬೇಡ, ತೊಗಲು ಸಾಕು.
ಫ್ರೀಜರಿನ ಹಿಮ ಕೆರೆದು ಪುಟ್ಟ ಸೀಸೆ ತೆಗೆದು
ಕ್ಲೋರೋಫಾರ್ಮಿನಲ್ಲಿ ಕರಗಿದ ಕೊಬ್ಬನ್ನು
ದುಂಡುಬುಡದ ಗಾಜಿನಲ್ಲಿ ತಿರುಗಿಸಿ, ತಿರುಗಿಸಿ,
ನೈಟ್ರೋಜನ್ ಊದಿ ಒಣಗಿಸಬೇಕು.
ಕೊನೆಗೆ ಬುಡದಲ್ಲಿ ಉಳಿಯುವುದು
ದೋಸೆ ಹೆಂಚಿಗೆ ಈರುಳ್ಳಿ ಉಜ್ಜಿದಷ್ಟು ಪಸೆ.

ಅದಕ್ಕೆ ಬೆಚ್ಚನೆ ನೀರು, ನೀರಿನೊಳಗೆ ಬಣ್ಣ.
ಅಲ್ಲಾಡಿಸಿದರೆ ಸಾಕು, ಯಾರೂ ಹೇಳಿಕೊಡದೆ
ನೀರಿಗೆ ಹೆದರುವ ಬಾಲಗಳನ್ನು ನಡುವೆ ಬಚ್ಚಿಟ್ಟು
ನೀರಿಗೆ ಒಲಿದ ತಲೆಗಳನ್ನು ಎರಡೂ ಕಡೆ ತಿರುಗಿಸಿ
ಗುಳ್ಳೆ ಗುಳ್ಳೆಯಾಗಿ ಮುಚ್ಚಿಕೊಳ್ಳುತ್ತದೆ ಕೊಬ್ಬು.
ಹೊರಗುಳಿದ ಬಣ್ಣ ಸೋಸಿ ಚೆಲ್ಲುತ್ತೇನೆ.
ಒಳಗೆ ಸಿಕ್ಕಿದ್ದು ಎಷ್ಟು ಒತ್ತೊತ್ತಾಗಿ ಕೂತಿರುತ್ತದೆಂದರೆ
ಹೊಳೆಯುವುದಕ್ಕೂ ಜಾಗವಿಲ್ಲ ಅದಕ್ಕೆ.
ಔಷಧ ಗೋಡೆಗೆ ತೂತು ಕೊರೆದ ದಿನ
ಆಚೆ ಹರಡಿಕೊಂಡು, ನೀಲಿ ಬೆಳಕು ತಾಗಿ,
ಭತ್ತದ ಸಸಿಯ ಹಸಿರು.

ನಮ್ಮ ದೊಡ್ಡಮ್ಮ ಮುನಿಚೌಡಮ್ಮ
ಬಾಬಾಜಾನರ ಬಟ್ಟಿಯಲ್ಲಿ ಇಪ್ಪತ್ತಾರು ವರ್ಷ
ಕುದಿಯುವ ನೀರಿಂದ ಎಳೆ ಎತ್ತಿದವಳು.
ಬೆರಳ ಗೆರೆಗಳೆಲ್ಲ ಬೆಂದು ಅಳಿಸಿ
ರೇಷನ್ ಅಂಗಡಿಯ ಯಂತ್ರಕ್ಕೆ ಅವಳ ಗುರುತಿಲ್ಲ.
ಹೋದ ವರ್ಷ ನಡುಬೆರಳು ಕೀವು ತುಂಬಿ
ಮೊಣಕೈಯವರೆಗೆ ಕೆಂಪು ಗೆರೆ ಏರಿದಾಗ
ಮೆಡಿಕಲ್ ಸ್ಟೋರಿನ ಹುಡುಗ ಮೂರು ಬಗೆ ಮಾತ್ರೆ ಕೊಟ್ಟ.
ನೋವು ಇಳಿದ ದಿನವೇ ನಿಲ್ಲಿಸಿದಳು.
ಮಿಕ್ಕಿದ್ದನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಳು,
ಮುಂದಿನ ಸಲಕ್ಕೆ ಆಗುತ್ತದೆಂದು.

ಮುಂದಿನ ಸಲ ಬಂತು.
ಕೋಲಾರದ ಆಸ್ಪತ್ರೆಯ ಕಾಗದ ಓದಿದವಳು ನಾನೇ:
ಹದಿನಾಲ್ಕು ಔಷಧದ ಹೆಸರು, ಎದುರಿಗೆ
ಆರ್, ಆರ್, ಆರ್, ಆರ್,
ಮಗ್ಗಿ ಒಪ್ಪಿಸಿದ ಹಾಗೆ ಕೆಳಗಿಳಿದು
ತಳದಲ್ಲಿ ಒಂದೇ ಒಂದು ಎಸ್.
"ಆರ್ ಅಂದ್ರೆ ಏನೇ?"
"ಮಾತು ಕೇಳಲ್ಲ ಅಂತ."
"ನಿಮ್ಮ ದೊಡ್ಡಪ್ಪನ ಥರ," ಅಂದಳು, ಆ ಜ್ವರದಲ್ಲೂ.
ಎಸ್ ಬಂದು ಮುಟ್ಟುವಷ್ಟರಲ್ಲಿ
ಬೆರಳಿನ ಎರಡು ಗೆಣ್ಣು ಹೋಗಿದ್ದವು.

ನನ್ನ ಕೆಲಸ ಅವಳಿಗೆ ಹೇಳಿದ್ದೆ ಒಮ್ಮೆ.
"ಹುಳು ಇಲ್ದೆ ಗೂಡು ಕಟ್ತೀಯ,
ಆಮೇಲೆ ತೂತಾಗ್ಲಿ ಅಂತ ಕಾಯ್ತೀಯ?
ತೂತಾದ ಗೂಡನ್ನ ಮಾರ್ಕೆಟ್ಟಲ್ಲಿ ಯಾರು ಕೇಳ್ತಾರೆ?"
ಬಹಳ ಹೊತ್ತು ನಕ್ಕಳು.
ನಾನೂ ನಕ್ಕೆ. ಆಮೇಲೆ ಬಸ್ಸಿನಲ್ಲಿ ಯೋಚಿಸಿದೆ.

ಮೊನ್ನೆ ಮೂವತ್ತೊಂದನೆಯ ಸೀಸೆ.
ಹನಿ ಬಿದ್ದದ್ದೇ ತಡ, ಪರದೆಯ ಮೇಲೆ ಗೆರೆ
ಬೇಲಿ ಹಾರಿದ ಮೇಕೆಯಂತೆ ಮೇಲಕ್ಕೆ.
ಮೇಡಂ ಕುರ್ಚಿಯಿಂದ ಎದ್ದರು,
ಅಟೆಂಡರ್ ಗಂಗಿರೆಡ್ಡಿ ಟೀ ಹೇಳಲು ಹೊರಟೇಬಿಟ್ಟ.
ಇನ್ನೊಂದು ಸಾಲು ಬಾಕಿಯಿತ್ತು:
ಕೊಲೆಸ್ಟರಾಲ್ ಬೆರೆಸಿ, ನಮ್ಮ ಜೀವಕೋಶದ ಹಾಗೆ
ಮಾಡಿಟ್ಟ ಗುಳ್ಳೆಗಳು.
ಅದೇ ಹನಿ. ಅದೇ ಗೆರೆ. ಅದೇ ಹಸಿರು.
ಟೀ ಬಂತು. ಕುಡಿದೆವು.
ಕಾಸು ಮೇಡಂ ಕೊಟ್ಟರು.

ರಾತ್ರಿ ಮನೆಗೆ ಹೋದಾಗ ದೊಡ್ಡಮ್ಮ
ಮೋಟು ಬೆರಳಿಂದ ಬೆಳ್ಳುಳ್ಳಿ ಸುಲಿಯುತ್ತಿದ್ದಳು.
"ಇವತ್ತು ಒಡೀತಾ?"
"ಎಲ್ಲಾ ಒಡೆದೋಯ್ತು. ಒಡೀಬಾರದ್ದೂ."
ಅವಳು ತಲೆಯೆತ್ತಲಿಲ್ಲ.
"ಕಾವು ಜಾಸ್ತಿ ಆಗಿರ್ತದೆ.
ನೀರು ಹೆಚ್ಚು ಕಾದ್ರೆ ಅಂಟೂ ಹೋಯ್ತು, ಎಳೆಯೂ ಹೋಯ್ತು.
ಅಂಟು ಸಡಿಲ ಆಗ್ಬೇಕು, ಎಳೆ ನಿಲ್ಬೇಕು.
ಅದು ಕೈಗೆ ಗೊತ್ತಾಗೋಕೆ ನಂಗೆ ಮೂರು ವರ್ಷ ಹಿಡೀತು."

ಬೆಳಗ್ಗೆ ಅದೇ ಸೀಸೆ ತೆಗೆದು
ಎಂಟು ಪಾಲು ನೀರು ಬೆರೆಸಿ
ಪುಸ್ತಕದಲ್ಲಿ ತಾರೀಖು ಹಾಕಿದೆ.
ಯಾರ ಸಲಹೆ ಎಂಬ ಕಾಲಂ
ಖಾಲಿ ಬಿಡಲು ಮನಸ್ಸಾಗದೆ
ಬರೆದೆ: ಮು. ಚೌ.
ಮೇಡಂ ಇನ್ನೂ ಕೇಳಿಲ್ಲ.