ಕಲೆ

ಡಂಡೀ ಊರಿನ ಆಸ್ಪತ್ರೆಯ ಒಗೆಯುವ ಮನೆಯಲ್ಲಿ
ಮೂವತ್ತೊಂದು ವರ್ಷ ನನಗಿದ್ದದ್ದು ಒಂದೇ ಕೆಲಸ:
ಬಂದದ್ದನ್ನು ಬಿಳಿ ಮಾಡಿ ಕಳಿಸುವುದು.
ರಕ್ತಕ್ಕೆ ತಣ್ಣೀರು, ಚಹಾಕ್ಕೆ ಕುದಿನೀರು,
ಅಯೋಡಿನ್ನಿಗೆ ಬೇರೆಯದೇ ಒಂದು ಪುಡಿ.
ಎಷ್ಟು ತಿಕ್ಕಿದರೂ ಹೋಗದ್ದಕ್ಕೆ
ಬಾಗಿಲ ಬಳಿ ಹಸಿರು ತೊಟ್ಟಿ.
ಅದು ತುಂಬಿದ ದಿನ ಮೇಲಿನವರು ನನ್ನ ಮುಖ ನೋಡುತ್ತಿರಲಿಲ್ಲ.

ಈಗ ಮಂಗಳವಾರ ಸಂಜೆ
ಹಳೇ ಸೆಣಬಿನ ಗೋದಾಮಿನ ಮೂರನೇ ಮಹಡಿ ಹತ್ತುತ್ತೇನೆ,
ಮೆಟ್ಟಿಲಿಗೊಮ್ಮೆ ಮಂಡಿಯನ್ನು ಬೈದುಕೊಂಡು.
ಟೇ ನದಿಯ ಗಾಳಿ ಕಿಟಕಿ ಅಲುಗಿಸುತ್ತಿರುತ್ತದೆ.
ಒಳಗೆ ಹನ್ನೆರಡು ಗಜದ ಮೇಜು,
ಅದರ ಮೇಲೆ ಕಂಬಳಿ, ಕಂಬಳಿಯ ಮೇಲೆ ಹತ್ತಿ ಬಟ್ಟೆ,
ಸುಕ್ಕಿಲ್ಲದಂತೆ ಎಳೆದು ಗುಂಡುಪಿನ್ನು ಚುಚ್ಚಿದ್ದು.
ಅಷ್ಟು ಚೊಕ್ಕ ಬಿಳಿ ನೋಡಿ ಮೊದಲ ದಿನ
ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.
“ಮುಟ್ಟಿ, ನೆಟ್ಟಾ,” ಅಂದಳು ಕೊಲಿನಾ.
ಕಲಿಸುವವಳು, ಇನ್ನೂ ಮೂವತ್ತು ತುಂಬದವಳು,
ಉಗುರ ಸಂದಿಯಲ್ಲಿ ಯಾವಾಗಲೂ ಒಂದು ನೀಲಿ.

ಏನು ಬಿಡಿಸಲಿ?
ಇಲ್ಲಿ ಎಲ್ಲರೂ ಕಡಲಹಕ್ಕಿ ಬಿಡಿಸುತ್ತಾರೆ. ನಾನೂ ಬಿಡಿಸಿದೆ,
ಬಾತುಕೋಳಿಯಾಯಿತು.
ಪಕ್ಕದ ಲೆಶೆಕ್, ಪೋಲೆಂಡಿನವನು, ಕರೆಂಟಿನ ಕೆಲಸದವನು,
ವೈರುಗಳ ಸಿಕ್ಕನ್ನೇ ಬಳ್ಳಿಯಂತೆ ಹಬ್ಬಿಸಿದ್ದ.
ಗೊತ್ತಿರುವುದನ್ನು ಬರಿ, ಅಂದ.
ನನಗೇನು ಗೊತ್ತು.
ಕಣ್ಣು ಮುಚ್ಚಿದರೆ ಹಸಿರು ತೊಟ್ಟಿ:
ಅಂಚಿನಲ್ಲಿ ಕಪ್ಪಾಗಿ ನಡುವೆ ತೆಳುವಾದ ಚಹಾದ ಉಂಗುರ,
ಏಳನೇ ವಾರ್ಡಿನಲ್ಲಿ ಯಾರೋ ಚೆಲ್ಲಿದ ಬೀಟ್‌ರೂಟು,
ದಿಂಬಿನ ಮೇಲೊಂದು ತುಟಿಬಣ್ಣ, ನೋಡಲು ಬಂದವಳದ್ದು.
ಬಿಡಿಸಿದೆ.
ನಡುಗಿದ ಗೆರೆ ನಡುಗಿದಂತೆಯೇ ಇರಲಿ, ಅಂದಳು.

ಆಮೇಲೆ ಕತ್ತರಿ ಕೊಟ್ಟಳು.
ಚಿತ್ರವನ್ನು ನಟ್ಟನಡುವೆ ಸೀಳಿ
ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಅಂಟಿಸಬೇಕಂತೆ.
ಅಂಚಿನಲ್ಲಿದ್ದದ್ದು ನಡುವಿಗೆ ಬರುತ್ತದೆ,
ಅಲ್ಲಿ ಬಿದ್ದ ಬಯಲನ್ನು ಹೊಸದಾಗಿ ತುಂಬಬೇಕು,
ಆಗಲೇ ಅದು ಬಟ್ಟೆಯುದ್ದಕ್ಕೂ ಸಾಗುವುದು
ಎಲ್ಲಿ ಶುರು, ಎಲ್ಲಿ ಮುಗಿಯಿತು ತಿಳಿಯದ ಹಾಗೆ.
ಕತ್ತರಿ ಹಾಕಲು ನನಗೆ ಒಂದಿಡೀ ಸಂಜೆ ಬೇಕಾಯಿತು.

ಹಳದಿ ದೀಪದ ಕೋಣೆಯಲ್ಲಿ
ಜಾಲರಿಗೆ ಹಸಿರು ಲೇಪ, ತೊಟ್ಟಿಯದ್ದೇ ಬಣ್ಣ,
ಬಳಿದು, ಒಣಗಿಸಿ, ಚಿತ್ರ ಒತ್ತಿಟ್ಟು, ಬೆಳಕು ಕೊಡುವುದು.
ಬೆಳಕು ಬಿದ್ದಲ್ಲಿ ಗಟ್ಟಿ.
ನೆರಳು ಬಿದ್ದದ್ದು ಮೆತ್ತಗೆ ಉಳಿದು
ನೀರು ಹಿಡಿದರೆ ಕರಗಿ ಇಳಿದುಹೋಗುತ್ತದೆ;
ಬಣ್ಣಕ್ಕೆ ದಾರಿ ಅಲ್ಲೇ.
ನೀರಿನ ಪೈಪು ಹಿಡಿಯುವುದರಲ್ಲಿ ಮಾತ್ರ
ನನ್ನನ್ನು ಮೀರಿಸುವವರು ಆ ಕೋಣೆಯಲ್ಲಿರಲಿಲ್ಲ.

ರಬ್ಬರು ಪಟ್ಟಿಯನ್ನು ಓರೆ ಹಿಡಿದು
ಒಂದೇ ಉಸಿರಿಗೆ ಎಳೆಯಬೇಕು.
ನಡುವೆ ನಿಂತರೆ ಬಟ್ಟೆಗೆ ಗೊತ್ತಾಗುತ್ತದೆ.
ನಿಂತೆ. ಗೊತ್ತಾಯಿತು.
ಎರಡನೇ ಬಣ್ಣ ಎರಡೇ ಮಿಲಿಮೀಟರು ಜಾರಿ
ತುಟಿಯೊಂದು ಕಡೆ, ಅದರ ಕೆಂಪೊಂದು ಕಡೆ.
ಮೂರು ಗಜ ಹಾಳು.
ಕೊಲಿನಾ ಎಸೆಯಲಿಲ್ಲ, ಮಡಿಸಿ ಒಳಗಿಟ್ಟಳು,
ನನ್ನ ಸಮಾಧಾನಕ್ಕೋ, ಮೇಜು ಒರೆಸುವುದಕ್ಕೋ. ನಾನು ಕೇಳಲಿಲ್ಲ.

ಮುಂದಿನ ತಿಂಗಳು ಎಲ್ಲ ಸರಿ ಕೂತದ್ದನ್ನು
ಇಸ್ತ್ರಿಯಲ್ಲಿ ಕಾಯಿಸಿ, ಒಗೆದು ನೋಡುವ ದಿನ.
“ಅರವತ್ತು ಡಿಗ್ರಿ,” ಅಂದಳು. ಅದನ್ನು ನನಗೆ ಹೇಳಬೇಕೇ!
ಯಂತ್ರದ ಗಾಜಿನ ಕಣ್ಣ ಮುಂದೆ ಸ್ಟೂಲು ಹಾಕಿ ಕೂತೆ.
ಅಷ್ಟು ವರ್ಷ ಹೋಗು, ಹೋಗು ಅಂದ ಬಾಯಿಯಲ್ಲಿ
ಹೋಗಬೇಡ ಅಂದೆ, ಯಾರಿಗೂ ಕೇಳದ ಹಾಗೆ.
ಕೊಳವೆಯಿಂದ ನೀರು ಬಂತು.
ಬೊಗಸೆಯಲ್ಲಿ ಹಿಡಿದು ದೀಪದ ಕೆಳಗೆ ನೋಡಿದೆ:
ತಿಳಿ. ಅದೇ ತಿಳಿನೀರು.

ಲೆಶೆಕ್ ಚಹಾ ತಂದು
ಮೇಜಿನ ಬಿಳಿಯ ಮೇಲೇ ಇಟ್ಟುಹೋದ.
ಲೋಟದ ತಳ ಒದ್ದೆಯಿತ್ತು.
ಎತ್ತಲಿಲ್ಲ ನಾನು.