ಮಬ್ಬು

ಪುಟಕ್ಕಿಷ್ಟೆಂದು ಕಾಸು ಕೊಡುತ್ತಿದ್ದರು ಆಗ.
ಕೋಲಾರದ ಕೋರ್ಟಿನಲ್ಲಿ, ನಕಲು ವಿಭಾಗದ ಪಕ್ಕ,
ಅಲ್ಲಾಡುವ ಮೇಜು, ಅದರ ಕಾಲಡಿ ಮಡಚಿಟ್ಟ ಹಳೆಯ ಸಮನ್ಸು.
ಕನ್ನಡದಲ್ಲಿ ಅತ್ತಿದ್ದನ್ನು ಇಂಗ್ಲಿಷಿನಲ್ಲಿ ಅಳಿಸದೆ
ಬರೆಯುವುದು ನನ್ನ ಕೆಲಸ.

ಸಾಕ್ಷಿ ನಂಬರ್ ನಾಲ್ಕು, ಚಿನ್ನಪಾಪಮ್ಮ,
ವಯಸ್ಸು ಸುಮಾರು ಮೂವತ್ತೆಂಟು, ಕಸುಬು ಹೈನು.
ಊರು ಶ್ರೀನಿವಾಸಪುರದ ಆಚೆ, ಮಾವಿನ ತೋಪು ಮುಗಿದು
ಮಾತು ತೆಲುಗಿಗೆ ತಿರುಗುವ ಕಡೆ.
ಕಟಕಟೆ ಹಿಡಿದು ಅವಳಂದದ್ದು:
'ಮಬ್ಬುತೋ ಪೋತಾ ವುಂಟೇ ಚೂಸ್ತಿ.'
ಸಾಹೇಬರು ಕನ್ನಡದಲ್ಲಿ ಬರೆಸಿದರು:
'ಮಬ್ಬಿನಲ್ಲಿ ಹೋಗುತ್ತಿರುವಾಗ ನೋಡಿದೆನು.'
ಅಲ್ಲಿಯವರೆಗೂ ಪದ ಹಾಗೇ ಇತ್ತು, ಒದ್ದೊದ್ದೆ,
ಹಾಲಿನ ಕ್ಯಾನಿನ ಬಾಯಿಗೆ ಕಟ್ಟಿದ ಬಟ್ಟೆಯ ಹಾಗೆ.

ಆಮೇಲೆ ನನ್ನ ಮೇಜು.
ಶುಕ್ರವಾರ. ಕರೆಂಟು ಹೋಗಿತ್ತು. ನೂರಾ ಹನ್ನೆರಡನೇ ಪುಟ.
ಟೈಪು ಮಾಡಿದೆ: ಕತ್ತಲೆ.
ಆ ಭಾಷೆಯಲ್ಲಿ ಅದು ಎಂಟು ಅಕ್ಷರ.

ಮಬ್ಬೆಂದರೆ ಕತ್ತಲೆಯಲ್ಲ, ನಮ್ಮ ಕಡೆ ಮಗುವಿಗೂ ಗೊತ್ತು.
ಕೋಳಿ ಕೂಗಿ ಇನ್ನೂ ಬಾಯಿ ಮುಚ್ಚಿರದ ಹೊತ್ತು.
ಹಸು ಕಟ್ಟಿದ ಗೂಟ ಕಾಣುತ್ತೆ, ಹಗ್ಗದ ಗಂಟು ಕಾಣಲ್ಲ.
ಎದುರು ಬಂದವನ ಮುಖ ಮೂಡುವ ಮೊದಲೇ
ನಡಿಗೆ ನೋಡಿ, 'ಏನ್ ದ್ಯಾವಪ್ಪ, ಇಷ್ಟೊತ್ಗೆ?' ಅನ್ನುವ ಹೊತ್ತು.
ಹಾಗೆ ಕಂಡಳು ಅವಳು ಅವರನ್ನು, ಮೂವರನ್ನೂ,
ತೋಪಿನ ಕಾವಲಿಗಿದ್ದ ತಮ್ಮನ ಕಾಲು ಹಿಡಿದು ಎಳೆಯುತ್ತಿದ್ದಾಗ:
ಒಬ್ಬನ ಕುಂಟು, ಒಬ್ಬನ ಕೆಮ್ಮು,
ಒಬ್ಬ ಎಡಚ, ಚಿಕ್ಕಂದಿನಲ್ಲಿ ಅವಳೇ ಎತ್ತಿ ಆಡಿಸಿದವನು.

ಕೋಲಾರ ಶಿಕ್ಷೆ ಕೊಟ್ಟಿತು, ಬೆಂಗಳೂರು ಎತ್ತಿಹಿಡಿಯಿತು,
ಕಡತ ದಪ್ಪವಾಗುತ್ತಾ ದೆಹಲಿಗೆ ಹೋಗಿ
ಹನ್ನೊಂದು ವರ್ಷ ತಣ್ಣಗೆ ಕೂತಿತು.
ತೀರ್ಪಿನ ಮೂವತ್ತೊಂದನೇ ಪ್ಯಾರಾದಲ್ಲಿ ಸಿಕ್ಕಿತು ನನ್ನ ಪದ,
ಅದೇ ಎಂಟು ಅಕ್ಷರ, ಈಗ ಚೆಂದದ ಅಚ್ಚಿನಲ್ಲಿ:
ಕತ್ತಲೆಯಲ್ಲಿ ಕಂಡೆನೆನ್ನುವ ಸಾಕ್ಷಿಯನ್ನು,
ದೀಪದ ಮಾತೇ ಇಲ್ಲದಿರುವಾಗ, ನಂಬುವುದು ಹೇಗೆ?
ಸಂಶಯದ ಲಾಭ. ಬಿಡುಗಡೆ.
ಅಲ್ಲಿಂದ ಮೇಲೆ ಇನ್ನು ಆಕಾಶವೊಂದೇ,
ಅಲ್ಲಿ ಮನವಿ ತೆಗೆದುಕೊಳ್ಳುವ ಕಿಟಕಿ ಇಲ್ಲ.

ನ್ಯಾಯವಾದ ಮಾತೇ.
ಆ ಪದ ನಂಬಿದ್ದರೆ ನಾನೂ ಹಾಗೇ ಬರೆಯುತ್ತಿದ್ದೆ.
ವಕೀಲ ಖಯ್ಯೂಂ ಸಾಬರು ಹೇಳಿದರು:
'ಅದೊಂದೇ ಅಲ್ಲ ಕಣ್ರೀ, ಮಚ್ಚಿನ ಪಂಚನಾಮೆ ಕೆಟ್ಟಿತ್ತು,
ಇನ್ನೂ ಐದು ಕಾರಣ ಇದಾವೆ. ಹೋಗಿ ಮಲಗಿ.'
ಆರನ್ನೂ ಎಣಿಸುತ್ತೇನೆ ರಾತ್ರಿ.
ನಿದ್ದೆ ಬರುವುದು ಮೂರನೆಯದಕ್ಕೆ.
ಎಚ್ಚರಾಗುವುದು ಮಬ್ಬಿಗೆ.

ನಿವೃತ್ತನಾದ ಮೇಲೆ ಒಮ್ಮೆ ಬಸ್ಸು ಹತ್ತಿ ಹೋದೆ.
ಯಾರೆಂದು ಹೇಳಿಕೊಳ್ಳಲಿಲ್ಲ. ಕೋರ್ಟಿನವನು, ಅಂದೆ, ಅಷ್ಟೇ.
ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು, ಎದ್ದು ನಿಲ್ಲಲಿಲ್ಲ.
ಡಬ್ಬಿಯ ತಳದಿಂದ ತೆಗೆದಳು ಡೇರಿಯ ಚೀಟಿ, ಅರಿಶಿನ ಹತ್ತಿದ್ದು:
ಅದೇ ತಾರೀಖು, ನಾಲ್ಕು ಲೀಟರು, ಫ್ಯಾಟು ಮೂರು ಪಾಯಿಂಟು ಎಂಟು,
ಹೊತ್ತು: ಬೆ.
ಬೆಳಿಗ್ಗೆ ಅನ್ನುವುದಕ್ಕೆ ಒಂದೇ ಅಕ್ಷರ.
'ಡೇರಿ ಹತ್ರ ಜನ ಇರ್ತಾರೆ ಅಂತ ಅಲ್ಲಿಗೇ ಓಡ್ದೆ.
ಕಿರುಚ್ತಾನೇ ಇದೀನಿ, ಆ ಸೆಕ್ರೆಟರಿ ನಡುಗ್ತಾ ನಡುಗ್ತಾ
ನನ್ ಕೈಯಿಂದ ಕ್ಯಾನು ಈಸ್ಕೊಂಡು ಅಳೆದೇಬಿಟ್ಟ.
ಆರು ಹೊತ್ತಿದ್ದೆ. ಎರಡು ದಾರೀಲಿ ಚೆಲ್ತು.'
ಯಾವ ಕೋರ್ಟೂ ನಂಬರು ಹಾಕದ ಆ ಚೀಟಿಯನ್ನು
ಮಡಿಸಿ, ಮತ್ತೆ ಅದೇ ಮಡಿಕೆಯಲ್ಲಿ ಮಡಿಸಿ,
ಕೇಳಿದಳು: 'ಡೆಲ್ಲೀಲಿ ಮಬ್ಬಾಗಲ್ವಾ ಸಾರ್?'

ಆಗುತ್ತೆ ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ.
ಚಪ್ಪಲಿಗೆ ಹುಣಸೆಯ ನಾರು ಅಂಟಿತ್ತು.
ಬಸ್ಸಿನಲ್ಲಿ ಕೂತು ಬಿಡಿಸಿದೆ,
ಕೋಲಾರ ಬರುವವರೆಗೂ.