ಮುರುಕು ಆಂಟೆನಾ

ದಮ್ಮಾಮಿನ ಗುರುವಾರ ರಾತ್ರಿ, ಸೀಕೋ ಬಿಲ್ಡಿಂಗಿನ ಹಿಂದಿನ ಗಲ್ಲಿ.
ಮೊಯಿದು ಗಾಜಿನ ಮೇಲೆ ಮೂರು ಸ್ಕ್ಯಾನರ್ ಇಟ್ಟ:
ಒಂದಕ್ಕೆ ಇನ್ನೂರು ಚಾನೆಲ್, ಒಂದರ ಆಂಟೆನಾ ಮುರಿದಿದೆ,
ಇನ್ನೊಂದು ಡಿಜಿಟಲ್,
ನನ್ನ ಎರಡು ತಿಂಗಳ ಓವರ್‌ಟೈಮ್.

“ಯಾರನ್ನು ಕೇಳಬೇಕು? ಟ್ಯಾಕ್ಸಿಯವರನ್ನೋ?”
“ಗೂಡ್ಸ್ ಗಾಡಿ. ಬಂದರಿನಿಂದ ಕಂಟೇನರ್ ಹೊತ್ತು
ರಿಯಾದಿಗೆ ಹೋಗುತ್ತಲ್ಲ.”
ಅವನು ನನ್ನನ್ನೇ ಮೇಲೆ ಕೆಳಗೆ ನೋಡಿದ,
ಬಿಚ್ಚಿದರೆ ರಿಪೇರಿಯಾದೀತೇ ಎಂಬಂತೆ.

“ಅವರ ಮಾತಿಗೆಲ್ಲ ಈಗ ಬೀಗ.
ದುಬಾರಿಯದನ್ನು ಕೊಂಡರೂ ಗೊರಗೊರವೇ.”
ಇಂಥ ಅಂಗಡಿಯವ ಉದ್ಧಾರವಾಗುವುದು ಹೇಗೆ!

ಮುರುಕು ಆಂಟೆನಾದ್ದನ್ನೇ ಕಿವಿಗೆ ಹಿಡಿದು ತಿರುವಿದೆ.
ಗೊರಗೊರ.
ಬೀರೂರಿನ ಕ್ಯಾಬಿನ್ನಿನಲ್ಲಿ, ರಾತ್ರಿಪಾಳಿಯ ಮಾವನ
ಕಂಟ್ರೋಲ್ ಫೋನಿಗೂ ಇದೇ ಗಂಟಲು.
ನಡುವೆ ಯಾರೋ, ರೈಲಿನವನೋ ಅಲ್ಲವೋ,
ಕೆಮ್ಮಿದ, ಬಾಯಿ ತೆಗೆದ, ನಿಂತುಹೋದ.

“ಕಟ್ಟಿಕೊಡು” ಅಂದೆ.
ಏನು ಹೇಳಲಿದ್ದನೋ, ನಾಳೆ ಕೇಳಿದರಾಯಿತು.